ಎರಡು ಗಂಟೆಗೆ ಮನೆಗೆ ಹೋದವಳು

ಹಡಗಿನ ಹೊಟ್ಟೆಯೊಳಗೆ ಬಣ್ಣ ಬಳಿಯುವವರು ನಾವು, ಹೆಂಗಸರು. ಗಂಡಸರು ಯಂತ್ರ ಹಿಡಿದು ಬಣ್ಣ ಚಿಮ್ಮಿಸಿ ಹೋಗುತ್ತಾರೆ. ಯಂತ್ರ ಮುಟ್ಟದ ಮೂಲೆ, ಬೆಸುಗೆಯ ಅಂಚು, ಕೊಳವೆಯ ಹಿಂಬದಿ, ಇವೆಲ್ಲ ನಮ್ಮ ಪಾಲು. ಮಂಡಿಯೂರಬೇಕು. ಅಂಗಾತ ಮಲಗಬೇಕು. ತಲೆ ತೂರದ ಕಡೆ ಕೈ ತೂರಿಸಬೇಕು. ಮೂತ್ರ ಬಂದರೆ ಮೂರು ಏಣಿ ಹತ್ತಿ ಹೋಗಬೇಕು, ಅದಕ್ಕೇ ನಾವು ನೀರು ಕುಡಿಯುವುದಿಲ್ಲ. ಹಡಗು ನೀರಿಗಿಳಿಯುವ ದಿನ ಬ್ಯಾಂಡು ಬಾರಿಸುತ್ತಾರೆ. ಆ ದಿನ ನಮ್ಮನ್ನು ಹಿಂದಿನ ಗೇಟಿನಿಂದ ಹೊರಗೆ ಕಳಿಸುತ್ತಾರೆ.

ನನ್ನ ಹೆಸರು ಓಕ್ ಮಲ್‌ಸುಕ್. ಐವತ್ತೆಂಟು ವರ್ಷ. ಕೋಜೆ ದ್ವೀಪದಲ್ಲೇ ಹುಟ್ಟಿದವಳು. ಇಪ್ಪತ್ತೊಂದು ವರ್ಷದಿಂದ ಬಣ್ಣಕ್ಕೆ ಬೆರೆಸುವ ತಿನ್ನರನ್ನು ಮೂಗಿನಲ್ಲಿ ಕುಡಿಯುತ್ತಿದ್ದೇನೆ. ನಾಲಿಗೆಯ ರುಚಿ ಸತ್ತು ಎಷ್ಟೋ ಕಾಲವಾಯಿತು. ಕೋಸಿನ ಕಿಮ್ಚಿ ಹುಳಿಯಾಗಿದೆಯೋ ಇಲ್ಲವೋ ಮಗ ಹೇಳಬೇಕು.

ಹಡಗು ಕಟ್ಟುವ ಯಾರ್ಡು ದೊಡ್ಡದು. ಆದರೆ ನಾವು ಯಾರ್ಡಿನವರಲ್ಲ. ಯಾರ್ಡು ಗುತ್ತಿಗೆ ಕೊಡುತ್ತದೆ, ಗುತ್ತಿಗೆದಾರ ನಮ್ಮನ್ನು ಇಟ್ಟುಕೊಳ್ಳುತ್ತಾನೆ. ನಮ್ಮ ಗುತ್ತಿಗೆದಾರ ಕು ಬೊನ್‌ಸಾಂಗ್. ನಲವತ್ತು ಜನರ ಧಣಿ. ತಾನೂ ಒಂದು ಕಾಲಕ್ಕೆ ಬ್ರಷ್ಷು ಹಿಡಿದವನು ಎಂದು ವಾರಕ್ಕೆರಡು ಸಲ ಹೇಳುತ್ತಿದ್ದ. ಹೇಳುವಾಗ ಕೈ ತೋರಿಸುತ್ತಿದ್ದ. ಆ ಕೈಯಲ್ಲಿ ಗಾಲ್ಫ್ ಕೋಲು ಹಿಡಿದ ಗುರುತು ಬಿಟ್ಟರೆ ಬೇರೆ ಗುರುತಿರಲಿಲ್ಲ.

ಹೇರಿಮ್ ನಮ್ಮ ಗುಂಪಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಮೂವತ್ತೆರಡರ ಹುಡುಗಿ. ಗಂಡ ಪುಸಾನ್‌ನಲ್ಲಿ ಬೇರೆ ಸಂಸಾರ ಹೂಡಿದ್ದ. ಒಬ್ಬಳೇ ಮಗಳು, ಬೊರಾಮ್. ಆ ವರ್ಷ ಮಾರ್ಚಿನಲ್ಲಿ ಮಗು ಒಂದನೇ ತರಗತಿಗೆ ಸೇರಿತು. ಒಂದನೇ ತರಗತಿ ಮಧ್ಯಾಹ್ನ ಒಂದಕ್ಕೇ ಬಿಟ್ಟುಬಿಡುತ್ತದೆ. ಆಮೇಲೆ ಶಾಲೆಯಲ್ಲೇ ಮಕ್ಕಳನ್ನು ಇಟ್ಟುಕೊಳ್ಳುವ ಕೋಣೆಯೊಂದಿದೆ. ಅಲ್ಲಿ ಇಪ್ಪತ್ತು ಮಕ್ಕಳಿಗೆ ಜಾಗ. ಚೀಟಿ ಎತ್ತಿದಾಗ ಬೊರಾಮಳ ಹೆಸರು ಬರಲಿಲ್ಲ.

ಹೇರಿಮ್ ಯಾರನ್ನೋ ಕೇಳಿ ತಿಳಿದುಕೊಂಡಳು. ಮಗು ಸಣ್ಣದಿದ್ದರೆ ತಾಯಿಯೋ ತಂದೆಯೋ ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳಬಹುದು. ಕಡಿಮೆಯಾದ ಗಂಟೆಯ ಸಂಬಳವನ್ನು ಧಣಿ ಕೊಡಬೇಕಿಲ್ಲ. ಅದರಲ್ಲಿ ಒಂದು ಪಾಲನ್ನು ಸರ್ಕಾರ ತುಂಬಿಕೊಡುತ್ತದೆ. ಕೇಳಿದರೆ ಧಣಿ ಇಲ್ಲ ಅನ್ನುವ ಹಾಗಿಲ್ಲ. ಕಾನೂನು ಹಾಗಿದೆ. ಎಂಟರಿಂದ ಎರಡರವರೆಗೆ ಕೆಲಸ ಕೊಡಿ ಎಂದು ಅರ್ಜಿ ಬರೆದುಕೊಂಡು ಬಂದಳು.

ನಾವು ಬಟ್ಟೆ ಬದಲಿಸುವ ತಗಡಿನ ಕೋಣೆಯಲ್ಲಿ, ಎಲ್ಲರ ಎದುರಿಗೆ, ಕು ಆ ಅರ್ಜಿಯನ್ನು ಗಟ್ಟಿಯಾಗಿ ಓದಿದ.

"ಕೇಳಿಸ್ಕೊಳ್ರಮ್ಮಾ. ಇವಳಿಗೆ ಮಗು ಸಾಕೋಕೆ ಟೈಮ್ ಬೇಕಂತೆ. ದುಡ್ಡು ಸರ್ಕಾರ ಕೊಡುತ್ತಂತೆ. ಇನ್ಮೇಲೆ ಇವಳು ಸರ್ಕಾರದ ಸೊಸೆ."

ಯಾರೋ ನಕ್ಕರು. ಕು ನನ್ನ ಕಡೆ ತಿರುಗಿದ.

"ಮಲ್‌ಸುಕ್ ಅಕ್ಕ, ನಿಮ್ಮ ಮಗನ್ನ ಹೆಂಗೆ ಸಾಕಿದ್ರಿ, ಸ್ವಲ್ಪ ಹೇಳ್ರಿ ಇವಳಿಗೆ."

ನಾನು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. "ಸೊಂಟಕ್ಕೆ ಬಟ್ಟೆ ಬಿಗಿದು ಬಾಗಿಲ ಕಂಬಕ್ಕೆ ಕಟ್ಟಿ ಬರ್ತಿದ್ದೆ. ಪಕ್ಕದಲ್ಲಿ ಒಂದು ಬಟ್ಲು ಅನ್ನ."

"ಸತ್ತು ಹೋದ್ನಾ?"

"ಎಲ್ಲಿ ಸಾಯ್ತಾನೆ? ಈಗ ಲಾರಿ ಓಡಿಸ್ತಾನೆ."

ಕೋಣೆಯೆಲ್ಲ ನಕ್ಕಿತು. ಹೇರಿಮ್ ನಗಲಿಲ್ಲ. ನನ್ನನ್ನೇ ನೋಡಿದಳು. ನನ್ನ ಮಗ ಇವತ್ತಿಗೂ ಸೊಂಟಕ್ಕೆ ಬೆಲ್ಟು ಕಟ್ಟುವುದಿಲ್ಲ ಎಂಬುದನ್ನು ನಾನು ಹೇಳಲಿಲ್ಲ.

ನಮ್ಮಂಥವರ ಈ ನಗುವನ್ನೇ ತಿಂದು ಕು ಕೊಬ್ಬಿದ್ದು. ಅವನು ಬೇರೇನೂ ಮಾಡಬೇಕಿರಲಿಲ್ಲ. ನಾನು ಪಟ್ಟ ಪಾಡನ್ನು ಇವಳೂ ಪಡಲಿ ಎಂಬ ಹೊಲಸು ನಮ್ಮೊಳಗೇ ಇತ್ತು. ಅವನು ಕೆದಕಿದ, ಅಷ್ಟೇ.

ಅರ್ಜಿ ಕುವಿನ ಮೇಜಿನ ಒಳಗೆ ಹೋಯಿತು. ಹೇರಿಮ್ ಹಡಗಿನ ಹೊಟ್ಟೆಯ ತೊಟ್ಟಿಗಳ ತಳಕ್ಕೆ ಹೋದಳು. ತಳ ಎಂದರೆ ತುಕ್ಕು, ಕೊಳೆನೀರು, ಬೆಸುಗೆಯ ಕಸ. ಎರಡು ತಿಂಗಳು ಅವಳನ್ನು ಬೇರೆ ಕಡೆ ಹಾಕಲಿಲ್ಲ. ಬ್ರಷ್ಷು ಕೇಳಿದರೆ ಮೇಸ್ತ್ರಿ ನಾಮ್‌ಗುಂಗ್ ಕೂದಲುದುರಿದ್ದನ್ನು ಹುಡುಕಿ ಕೊಡುತ್ತಿದ್ದ. ಊಟದ ಸಾಲಿನಲ್ಲಿ "ಸರ್ಕಾರದ ಸೊಸೆ ಬಂದ್ಲು, ದಾರಿ ಬಿಡ್ರೋ" ಎನ್ನುತ್ತಿದ್ದರು. ಅವಳು ತಟ್ಟೆ ಹಿಡಿದು ಸಾಲಿನಲ್ಲೇ ನಿಂತಿರುತ್ತಿದ್ದಳು. ಪ್ರತಿ ಸೋಮವಾರ ಮತ್ತೆ ಅದೇ ಅರ್ಜಿ ಬರೆದುಕೊಂಡು ಬರುತ್ತಿದ್ದಳು. ಒಂಬತ್ತು ಸೋಮವಾರ.

ಹತ್ತನೇ ಸೋಮವಾರ ಕು ನಗುತ್ತ ಸಹಿ ಹಾಕಿದ. ಕಾಫಿಯನ್ನೂ ಕೊಟ್ಟ.

ಯಾಕೆಂದು ಆಮೇಲೆ ತಿಳಿಯಿತು. ಹೀಗೆ ಒಬ್ಬ ತಾಯಿಗೆ ಗಂಟೆ ಕಡಿಮೆ ಮಾಡಿದ ಧಣಿಗೂ ಸರ್ಕಾರ ತಿಂಗಳು ತಿಂಗಳು ಏನೋ ಕೊಡುತ್ತದಂತೆ. ಅದನ್ನು ಯಾವನೋ ಲೆಕ್ಕಪತ್ರದವನು ಅವನ ಕಿವಿಯಲ್ಲಿ ಊದಿದ್ದ.

ಮೊದಲ ವಾರ ಅವಳು ಎರಡಕ್ಕೆ ಹೋದಳು. ಎರಡನೇ ವಾರ ಮೇಸ್ತ್ರಿ ಏಣಿಯ ಬಳಿ ತಡೆದ.

"ಬೊರಾಮ್ ಅಮ್ಮ, ಹಡಗು ಕೊಡೋ ದಿನ ಹತ್ರ ಬಂತು. ಹದಿನೈದು ದಿನ ಐದರವರೆಗೆ ಇರಬೇಕು."

"ನನ್ನ ಟೈಮ್ ಎರಡು ಗಂಟೆಗೆ ಮುಗೀತಲ್ಲ, ಮೇಸ್ತ್ರಿಗಳೇ."

"ಕಾಗದದಲ್ಲಿ ಮುಗೀತು. ಕಾಗದ ಎಲ್ಲಾದ್ರೂ ಬಣ್ಣ ಬಳಿಯುತ್ತಾ? ಇರೋದಾದ್ರೆ ಇರು. ಇಲ್ಲಾಂದ್ರೆ ತಿಂಗಳ ಕೊನೆಗೆ ನಿನ್ನ ಗುತ್ತಿಗೆ ಮುಗಿಯುತ್ತೆ. ಧಣಿ ಹೇಳಿದ್ದು ಅಷ್ಟೇ."

ಅವಳು ಮತ್ತೆ ತೊಟ್ಟಿಗೆ ಇಳಿದಳು. ಹದಿನೈದು ದಿನ ಮೂರು ತಿಂಗಳಾಯಿತು.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಂಥ ಬುದ್ಧಿ ನಮ್ಮಂಥವರ ತಲೆಗೆ ಹೊಳೆಯುವುದೂ ಇಲ್ಲ. ತೊಟ್ಟಿಯ ಬಾಯಿಯ ಪಕ್ಕ ಒಂದು ಹಲಗೆ ಇರುತ್ತದೆ. ಒಳಗಿಳಿಯುವವರು ತಮ್ಮ ಹೆಸರಿನ ಬಿಲ್ಲೆಯನ್ನು ಅದಕ್ಕೆ ತೂಗುಹಾಕಿ ಇಳಿಯಬೇಕು. ಹೊರಗೆ ಬಂದ ಮೇಲೆ ತೆಗೆದುಕೊಳ್ಳಬೇಕು. ಒಳಗೆ ಯಾರಿದ್ದಾರೆಂದು ಹಲಗೆ ಹೇಳುತ್ತದೆ. ಎರಡು ಗಂಟೆಗೆ ಸರಿಯಾಗಿ ಮೇಸ್ತ್ರಿ ಬರುತ್ತಿದ್ದ. ಹೇರಿಮಳ ಬಿಲ್ಲೆ ಕೀಳುತ್ತಿದ್ದ. ಅವಳ ಹಾಜರಿ ಕಾರ್ಡನ್ನು ಗೇಟಿಗೆ ಒಯ್ದು ಯಂತ್ರಕ್ಕೆ ಉಜ್ಜುತ್ತಿದ್ದ. ಅಲ್ಲಿಗೆ ಹೇರಿಮ್ ಮನೆಗೆ ಹೋದಳು. ಅವಳ ಮೈ ಮಾತ್ರ ಹಡಗಿನ ಹೊಟ್ಟೆಯಲ್ಲಿ ಐದರವರೆಗೆ ಬಣ್ಣ ಬಳಿಯುತ್ತಿತ್ತು. ಕು ಅವಳಿಗೆ ಎರಡು ಗಂಟೆಯವರೆಗಿನ ಸಂಬಳ ಕೊಡುತ್ತಿದ್ದ. ಉಳಿದದ್ದಕ್ಕೆ ಸರ್ಕಾರದ ಪಾಲು ಅವಳಿಗೆ ಬರುತ್ತಿತ್ತಲ್ಲ, ಸಾಕು ಎಂದು ಅವನ ಲೆಕ್ಕ. ಮೂರು ಗಂಟೆಯ ದುಡಿಮೆ ಅವನಿಗೆ ಪುಕ್ಕಟೆ. ಮೇಲೆ ಸರ್ಕಾರದ ಬಹುಮಾನ ಬೇರೆ. ಕಚೇರಿಯ ಗೋಡೆಗೆ 'ತಾಯಂದಿರ ಸ್ನೇಹಿ ಕೆಲಸದ ಜಾಗ' ಎಂಬ ಫಲಕ ಹಾಕಿಸಿದ್ದ. ಥೂ.

ಬೊರಾಮ್ ಒಂದಕ್ಕೆ ಶಾಲೆ ಬಿಟ್ಟು ಒಬ್ಬಳೇ ನಡೆದು ಯಾರ್ಡಿನ ಗೇಟಿನೆದುರಿನ ಅಂಗಡಿಗೆ ಬರುತ್ತಿದ್ದಳು. ಅಂಗಡಿಯ ಹೆಂಗಸು ಒಳ್ಳೆಯವಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಅನ್ನದ ಉಂಡೆ ಕೊಡುತ್ತಿದ್ದಳು. ಮಗು ಚೀಲ ಬೆನ್ನಿನಿಂದ ಇಳಿಸದೆ ನಾಲ್ಕು ಗಂಟೆ ಹೊತ್ತು ಗೇಟು ನೋಡುತ್ತ ಕೂತಿರುತ್ತಿತ್ತು.

ನಾವೆಲ್ಲ ನೋಡಿದ್ದೆವು. ಒಂದು ದಿನ ಮೇಸ್ತ್ರಿ ಬಿಲ್ಲೆ ಕೀಳುವಾಗ ನಾನೇ ಅಂದೆ, "ಹೋದ್ಲಪ್ಪ ಸೊಸೆ, ಮನೆ ಸೇರಿದ್ಲು." ಮೇಸ್ತ್ರಿ ನಕ್ಕ. ನಾನೂ ನಕ್ಕೆ. ತೊಟ್ಟಿಯೊಳಗಿದ್ದ ಹೇರಿಮಳಿಗೆ ಅದು ಕೇಳಿಸಿತ್ತು. ತೊಟ್ಟಿಯೊಳಗೆ ಎಲ್ಲವೂ ಎರಡು ಸಲ ಕೇಳಿಸುತ್ತದೆ.

ಆಗಸ್ಟ್ ತಿಂಗಳು. ಕಬ್ಬಿಣ ಮುಟ್ಟಿದರೆ ಚರ್ಮ ಅಂಟುವ ಬಿಸಿಲು. ಆ ದಿನ ನನ್ನನ್ನು ಮೇಲೆ ಹಡಗಿನ ಅಂಚಿನ ಕಟಕಟೆಗೆ ಬಣ್ಣ ಹಚ್ಚಲು ಹಾಕಿದ್ದರು. ಹೇರಿಮ್ ಮೂರನೇ ತೊಟ್ಟಿಯಲ್ಲಿ ಒಬ್ಬಳೇ ಇದ್ದಳು. ನಾಲ್ಕೂವರೆ ಸುಮಾರಿಗೆ ನಾನು ತಿನ್ನರ್ ಡಬ್ಬಿ ತರಲು ಆ ಕಡೆ ಹೋದೆ. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲು ಎರಡು ಹೆಜ್ಜೆ ಬೇಕಾಯಿತು. ಸದ್ದಿಲ್ಲ. ತೊಟ್ಟಿಗೆ ಗಾಳಿ ಹೊಡೆಯುವ ಫ್ಯಾನು ನಿಂತಿತ್ತು. ಇಬ್ಬರು ಎಲೆಕ್ಟ್ರಿಕ್ ಹುಡುಗರು ಅದರ ಕೇಬಲ್ ಸುತ್ತುತ್ತಿದ್ದರು. ಬೇರೆ ಗುತ್ತಿಗೆಯ ಹುಡುಗರು.

"ಏಯ್, ಒಳಗೆ ಜನ ಇದಾರೆ ಕಣ್ರೋ!"

"ಯಾರೂ ಇಲ್ಲ ಅಮ್ಮಾ. ಹಲಗೆ ಖಾಲಿ ಇದೆ ನೋಡಿ. ಇಲ್ಲಿಂದ ತೆಗೆದು ಆ ಕಡೆ ಹಾಕಿ ಅಂದ್ರು. ತೆಗೆದು ಅರ್ಧ ಗಂಟೆ ಆಯ್ತು."

ಹಲಗೆ ಖಾಲಿ ಇತ್ತು. ನಾನು ತೊಟ್ಟಿಯ ಬಾಯಿಗೆ ಮುಖ ಕೊಟ್ಟು ಕೂಗಿದೆ. ಒಳಗಿನಿಂದ ತಿನ್ನರ್ ವಾಸನೆ ಮುಷ್ಟಿಯ ಹಾಗೆ ಮುಖಕ್ಕೆ ಬಡಿಯಿತು. ನನ್ನ ಕೂಗೇ ತಿರುಗಿ ಬಂತು.

ಗಲಾಟೆ ಕೇಳಿ ಯಾರ್ಡಿನ ಸುರಕ್ಷತೆಯ ಅಧಿಕಾರಿ ಬಂದ. ಬಿಳಿ ಟೋಪಿಯವನು. ಹಿಂದೆಯೇ ಮೇಸ್ತ್ರಿ ಓಡಿಬಂದ.

"ಒಳಗೆ ಯಾರಾದ್ರೂ ಇದಾರಾ?" ಬಿಳಿ ಟೋಪಿ ಕೇಳಿದ.

ಮೇಸ್ತ್ರಿ ತೊಟ್ಟಿಯ ಬಾಯಿಯತ್ತ ಒಮ್ಮೆ ನೋಡಿದ. ಆ ಗಳಿಗೆಯಲ್ಲಿ ಅವನು ಏನು ತೂಗಿದ ಎಂದು ನನಗೆ ಗೊತ್ತು. ಇದ್ದಾಳೆ ಎಂದರೆ ಮೂರು ತಿಂಗಳ ನಾಟಕ ಬಯಲು. ಇಲ್ಲ ಎಂದರೆ ಒಂದು ಹೆಣ. ಅವನು ತೂಗಿದ.

"ಇಲ್ಲ ಸಾರ್. ಅವಳು ಎರಡು ಗಂಟೆಗೇ ಮನೆಗೆ ಹೋದ್ಲು. ಗೇಟಿನಲ್ಲಿ ದಾಖಲೆ ಇದೆ."

ಆಮೇಲೆ ನನ್ನ ತೋಳು ಹಿಡಿದು ಕಿವಿಯ ಹತ್ತಿರ ಅಂದ, "ಅಕ್ಕ, ಬಾಯಿ ಮುಚ್ಕೊಂಡಿರಿ. ಇವನು ಹೋಗ್ಲಿ, ನಾನೇ ಇಳಿದು ನೋಡ್ತೀನಿ."

"ಸೂಳೇಮಗನೇ," ಅಂದೆ. ಗಟ್ಟಿಯಾಗಿಯೇ ಅಂದೆ. "ಅವಳು ಒಳಗಿದಾಳೆ. ದಿನಾ ಎರಡು ಗಂಟೆಗೆ ಇವನು ಅವಳ ಬಿಲ್ಲೆ ಕೀಳ್ತಾನೆ. ದಿನಾ ಐದರವರೆಗೆ ಅವಳು ಒಳಗಿರ್ತಾಳೆ. ಮೂರು ತಿಂಗಳಿಂದ."

ಬಿಳಿ ಟೋಪಿ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಹಲಗೆಯನ್ನು ನೋಡಿದ. ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಎಂದು ನಾನು ಕಾಯಲಿಲ್ಲ. ಗಾಳಿ ಸೋಸುವ ಮುಖವಾಡ ಬಿಗಿದುಕೊಂಡು ಇಳಿದೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಬಿಲ್ಲೆ ಹಾಕದೆ ಇಳಿದೆ.

ಕೇಬಲ್ ಕಿತ್ತಿದ್ದರಿಂದ ದೀಪವೂ ಇರಲಿಲ್ಲ. ಹಣೆಯ ಟಾರ್ಚಿನ ಬೆಳಕಿನಲ್ಲಿ ಮೂವತ್ತು ಮೆಟ್ಟಿಲು. ಅವಳು ಏಣಿಯ ಬುಡದಲ್ಲೇ ಬಿದ್ದಿದ್ದಳು. ಕತ್ತಲಲ್ಲಿ ತೆವಳಿಕೊಂಡು ಅಲ್ಲಿಯವರೆಗೆ ಬಂದಿದ್ದಾಳೆ. ಒಂದು ಕೈ ಕೆಳಗಿನ ಮೆಟ್ಟಿಲನ್ನು ಹಿಡಿದೇ ಇತ್ತು. ಬೆರಳು ಬಿಡಿಸಲು ನಾನು ಅವಳ ಕೈಯನ್ನು ಬಡಿಯಬೇಕಾಯಿತು. ಅವಳ ಮುಖವಾಡದೊಳಗೆ ವಾಂತಿ ತುಂಬಿತ್ತು. ಅದನ್ನು ಕಿತ್ತೆಸೆದೆ. ಕಂಕುಳಿಗೆ ಕೈ ಹಾಕಿ ಎತ್ತಿದೆ. ಆಗಲಿಲ್ಲ. ಮತ್ತೆ ಎತ್ತಿದೆ. ನನ್ನ ಸೊಂಟದಲ್ಲಿ ಏನೋ ಹರಿದಂತಾಯಿತು. ಬೈದೆ. ಕು ಬೊನ್‌ಸಾಂಗ್‌ನ ಅಪ್ಪ, ಅಜ್ಜ, ಅವರಜ್ಜನವರೆಗೂ ಬೈದೆ. ಮೇಲಿನಿಂದ ಹಗ್ಗ ಹಿಡಿದು ಒಬ್ಬ ಇಳಿದು ಬಂದ. ಫ್ಯಾನು ಕಿತ್ತ ಹುಡುಗರಲ್ಲಿ ಒಬ್ಬ. ಅಳುತ್ತಿದ್ದ. "ಹಲಗೆ ಖಾಲಿ ಇತ್ತು ಅಮ್ಮಾ, ಖಾಲಿ ಇತ್ತು" ಅನ್ನುತ್ತಲೇ ಅವಳ ಕಂಕುಳಿಗೆ ಹಗ್ಗ ಕಟ್ಟಿದ. ಮೇಸ್ತ್ರಿ ಇಳಿಯಲಿಲ್ಲ.

ಉಸಿರಿತ್ತು. ಆಂಬುಲೆನ್ಸ್ ಬಂತು.

ನಾನು ಬಣ್ಣದ ಬಟ್ಟೆಯಲ್ಲೇ ಗೇಟಿನೆದುರಿನ ಅಂಗಡಿಗೆ ಹೋದೆ. ಬೊರಾಮ್ ಕುರ್ಚಿಯಿಂದ ಇಳಿದಳು. ಆಂಬುಲೆನ್ಸ್ ಅವಳ ಎದುರೇ ಹಾದುಹೋಗಿತ್ತು.

"ದೊಡ್ಡಮ್ಮ, ಇವತ್ತು ಅಮ್ಮಂಗೆ ಇನ್ನೂ ಲೇಟಾ?"

"ಹೂಂ ಮರಿ. ಲೇಟು," ಅಂದೆ. ಕೈಗೆ ಮೆತ್ತಿದ ಬಣ್ಣ ಹಸಿಯಿತ್ತು. ಮಗುವನ್ನು ಮುಟ್ಟಲಾಗಲಿಲ್ಲ.

ಮೂರನೇ ದಿನ ಕು ಆಸ್ಪತ್ರೆಗೆ ಬಂದ. ಕೈಯಲ್ಲಿ ಜ್ಯೂಸ್ ಬಾಟಲಿಗಳ ಪೆಟ್ಟಿಗೆ, ಕಂಕುಳಲ್ಲಿ ಕಡತ. ಹೇರಿಮ್ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಒರಗಿದ್ದಳು. ಗಂಟಲು ಸುಟ್ಟಿತ್ತು. ಮಾತು ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಗಂಜಿ ಕುಡಿಸುತ್ತಿದ್ದೆ.

"ದೇವರು ದೊಡ್ಡವನು, ಬೊರಾಮ್ ಅಮ್ಮ," ಅಂದ ಕು. ದೇವರನ್ನು ಹೊಗಳಿ ಮುಗಿಸಿ ಕಾಗದ ತೆಗೆದ. "ಇದು ಸುಮ್ನೆ ವಿಮೆಗೆ. ಎರಡು ಗಂಟೆಗೆ ಕೆಲಸ ಮುಗಿಸಿ ಹೋದೆ, ಊಟದ ಡಬ್ಬಿ ಮರೆತಿದ್ದೆ, ಯಾರಿಗೂ ಹೇಳದೆ ವಾಪಸ್ ಬಂದು ತೊಟ್ಟಿಗಿಳಿದೆ. ಇಷ್ಟೇ ಬರೆದಿರೋದು. ಇಲ್ಲೊಂದು ಸಹಿ."

ಹೇರಿಮ್ ಅವನನ್ನು ನೋಡಿದಳು.

ಅವನು ದನಿ ತಗ್ಗಿಸಿದ. "ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಎರಡಕ್ಕೆ ಹೋಗ್ತೀನಿ ಅಂತ ಸಹಿ ಮಾಡಿ ಸರ್ಕಾರದ ದುಡ್ಡು ತಿಂದೋಳು ನೀನು. ಐದರವರೆಗೆ ಕೆಲಸ ಮಾಡ್ದೆ ಅಂತ ಬಾಯಿ ಬಿಟ್ರೆ ಕಳ್ಳಿ ಯಾರಾಗ್ತಾರೆ? ನಾನಾ? ಮಗಳು ಶಾಲೆಗೆ ಹೋಗ್ತಾಳೆ. ಅಮ್ಮ ಕಳ್ಳಿ ಅಂತ ಅವಳಿಗೆ ಯಾರಾದ್ರೂ ಅಂದ್ರೆ ಚೆನ್ನಾಗಿರುತ್ತಾ?"

ಹೇರಿಮ್ ಕೈ ಚಾಚಿದಳು. ಕುವಿನ ಮುಖ ಅರಳಿತು. ಕಾಗದ ಕೊಟ್ಟ, ಪೆನ್ನು ಕೊಟ್ಟ. ಅವಳು ಪೆನ್ನನ್ನು ಹಾಸಿಗೆಯ ಮೇಲಿಟ್ಟಳು. ಕಾಗದವನ್ನು ಎರಡೂ ಕೈಯಲ್ಲಿ ಬೊಗಸೆಯ ಹಾಗೆ ಹಿಡಿದಳು. ಕೆಮ್ಮಿದಳು. ಹೊಟ್ಟೆಯಿಂದ, ಪಕ್ಕೆಯಿಂದ ಎಳೆದು ಕೆಮ್ಮಿ ಕಾಗದದ ನಡುವೆ ಉಗಿದಳು. ಕಫ. ಹಡಗಿಗೆ ನಾವು ಬಳಿಯುವ ಬಣ್ಣದ್ದೇ ಕೆಂಪು ಅದರಲ್ಲಿ ಬೆರೆತಿತ್ತು. ಕಾಗದವನ್ನು ಒಪ್ಪವಾಗಿ ನಾಲ್ಕು ಮಡಿಕೆ ಮಾಡಿ ಅವನ ಮುಂದೆ ಹಿಡಿದಳು.

"ಸಹಿ," ಅಂದಳು. ಮೂರು ದಿನದಲ್ಲಿ ಅವಳಾಡಿದ ಮೊದಲ ಮಾತು ಅದು. ಮಾತಲ್ಲ, ಗರಗಸದ ಸದ್ದು.

ಕು ಕಾಗದ ಮುಟ್ಟಲಿಲ್ಲ. ಹೊರಗೆ ಓಣಿಯಲ್ಲಿ ನನ್ನನ್ನು ಹಿಡಿದ.

"ಅಕ್ಕ, ಅವಳು ಚಿಕ್ಕವಳು. ನೀವು ತಿಳಿದೋರು. ನಿಮಗೆ ಇನ್ನೆರಡು ವರ್ಷ ದುಡಿಮೆ ಇದೆ. ಸೊಂಟ ಬೇರೆ ನೋವಂತೆ, ಹಗುರ ಕೆಲಸ ಕೊಡ್ತೀನಿ. ಅವಳು ಡಬ್ಬಿ ತರೋಕೆ ಹೋಗಿದ್ದನ್ನ ನೀವು ನೋಡಿದ್ರಿ. ಅಷ್ಟು ಹೇಳಿದ್ರೆ ಸಾಕು."

"ಧಣಿಗಳೇ, ನೀವೂ ಒಂದು ಕಾಲಕ್ಕೆ ಬ್ರಷ್ಷು ಹಿಡಿದೋರಂತಲ್ಲ," ಅಂದೆ.

"ಹೌದಕ್ಕ, ಹೌದು. ಅದಕ್ಕೇ ಹೇಳೋದು."

"ಅಂಥೋರು ಮೂರನೇ ತೊಟ್ಟೀಲಿ ಅರ್ಧ ಗಂಟೆ ಕೂತು ಬನ್ನಿ. ಫ್ಯಾನು ನಾನೇ ಆರಿಸ್ತೀನಿ. ಜೀವಂತ ಬಂದ್ರೆ ನೀವು ಹೇಳಿದ ಹಾಗೇ ಹೇಳ್ತೀನಿ."

ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ.

ತಿಂಗಳೊಳಗೆ ಅವನ ಕಂಪನಿ ಮುಚ್ಚಿತು. ಎಲ್ಲರಿಗೂ ಕೆಲಸ ಹೋಯಿತು. ಮುಂದಿನ ವಾರವೇ ಅದೇ ತಗಡಿನ ಕೋಣೆಗೆ ಬೇರೆ ಹೆಸರಿನ ಬೋರ್ಡು ಬಿತ್ತು. ಧಣಿಯ ಹೆಸರು ಕುವಿನ ಹೆಂಡತಿಯದು. ಮೇಸ್ತ್ರಿ ಅದೇ ನಾಮ್‌ಗುಂಗ್. ನಲವತ್ತರಲ್ಲಿ ಮೂವತ್ತೆಂಟು ಜನರನ್ನು ಮತ್ತೆ ಕರೆದರು. ಕರೆಯದ ಇಬ್ಬರು ಯಾರೆಂದು ಹೇಳಬೇಕಿಲ್ಲ. ನನ್ನ ಜೊತೆ ಇಪ್ಪತ್ತು ವರ್ಷ ಉಂಡವರು ಬಸ್ಸಿನಲ್ಲಿ ಸಿಕ್ಕರೆ ಫೋನು ನೋಡತೊಡಗಿದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಎರಡು ತಿಂಗಳ ಹಿಂದೆ ನಾನೂ ಅವರೇ ಆಗಿದ್ದೆ.

ಹೇರಿಮ್ ಕೊಟ್ಟ ದೂರಿಗೆ ಅಕ್ಟೋಬರಿನಲ್ಲಿ ಕಾರ್ಮಿಕ ಕಚೇರಿಯಿಂದ ಕರೆ ಬಂತು. ಮೇಜಿನ ಈ ಕಡೆ ಹೇರಿಮ್, ನಾನು. ಆ ಕಡೆ ಕು. ನಡುವೆ ಕನ್ನಡಕದ ಅಧಿಕಾರಿ. ಹೊಸಬ, ಕಾಲರು ಇಸ್ತ್ರಿ ಮಾಡಿದವನು.

ಕು ಕೈಮುಗಿದು ಕೂತಿದ್ದ. "ನಮ್ಮ ಮನಸ್ಸು ಮೆತ್ತಗೆ ಸಾರ್. ತಾಯಂದಿರಿಗೆ ಒಳ್ಳೇದು ಮಾಡೋಕೆ ಹೋಗಿ ಈ ಗತಿ ಬಂತು. ಈ ಯಮ್ಮನಿಗೆ ಕೆಲಸ ಹೋದ ಸಿಟ್ಟು. ಗೇಟಿನ ದಾಖಲೆ ನೋಡಿ. ದಿನಾ ಎರಡು ಗಂಟೆ."

ಅಧಿಕಾರಿ ದಾಖಲೆ ನೋಡಿದ. ಹೇರಿಮಳ ಕಡೆ ತಿರುಗಿದ. "ನೀವು ಹೇಳೋ ಹಾಗೆ ಐದರವರೆಗೆ ಕೆಲಸ ಮಾಡಿದ್ದು ನಿಜವಾದ್ರೆ, ನಿಮಗೆ ಬಂದ ಹಣ ನೀವು ವಾಪಸ್ ಕಟ್ಟಬೇಕಾಗಬಹುದು. ಗೊತ್ತಲ್ಲ?"

"ಕಟ್ತೀನಿ," ಅಂದಳು ಹೇರಿಮ್. ದನಿ ಇನ್ನೂ ಗರಗಸವೇ. ಅದು ಇನ್ನು ಹಾಗೇ ಉಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. "ನನ್ನ ಮಗಳು ಅಂಗಡೀಲಿ ಕೂತ ಗಂಟೆಗಳನ್ನ ಇವರು ವಾಪಸ್ ಕಟ್ಲಿ. ನಾನು ಹಣ ಕಟ್ತೀನಿ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. ಆಮೇಲೆ ನನ್ನನ್ನು ಕೇಳಿದ. "ನೀವು ಸಾಕ್ಷಿ. ಮೂರು ತಿಂಗಳು ದಿನಾ ನೋಡಿದೆ ಅಂತೀರಿ. ಹಾಗಿದ್ರೆ ಆಗಲೇ ಯಾಕೆ ಹೇಳಲಿಲ್ಲ?"

ಕು ತುಟಿಯಂಚಿನಲ್ಲಿ ನಕ್ಕ. ಅವನಿಗೆ ಬೇಕಿದ್ದ ಪ್ರಶ್ನೆ ಅದು. ಹೆದರಿಕೆ ಇತ್ತು ಅನ್ನಬಹುದಿತ್ತು. ಎಲ್ಲರೂ ಹಾಗೇ ಅನ್ನುತ್ತಾರೆ, ಅಧಿಕಾರಿ ಹಾಗೇ ಬರೆದುಕೊಳ್ಳುತ್ತಾನೆ. ಆದರೆ ನನಗೆ ಹೆದರಿಕೆ ಇರಲಿಲ್ಲ.

"ನಾನು ನಗ್ತಿದ್ದೆ," ಅಂದೆ.

"ಏನಂದ್ರಿ?"

"ಮೇಸ್ತ್ರಿ ಬಿಲ್ಲೆ ಕೀಳುವಾಗ ನಾನೂ ನಗ್ತಿದ್ದೆ. ನನ್ನ ಮಗನ್ನ ಕಂಬಕ್ಕೆ ಕಟ್ಟಿ ದುಡಿದೋಳು ನಾನು. ಇವಳಿಗೆ ಮಾತ್ರ ಯಾಕೆ ಸುಖ ಅಂತ ಹೊಟ್ಟೆಕಿಚ್ಚು. ಅದಕ್ಕೇ ಹೇಳಲಿಲ್ಲ. ಬರ್ಕೊಳ್ಳಿ."

ಅಧಿಕಾರಿಯ ಬೆರಳು ಕೀಲಿಮಣೆಯ ಮೇಲೆ ನಿಂತವು. ಅವನು ಹೇರಿಮಳನ್ನು ನೋಡಿದ.

"ನಿಜ," ಅಂದಳು ಹೇರಿಮ್. ನನ್ನ ಕಡೆ ತಿರುಗಲಿಲ್ಲ. "ನಕ್ಕಿದ್ದು ನನಗೆ ಒಳಗೆ ಕೇಳಿಸ್ತಿತ್ತು. ಬಿಲ್ಲೆ ಇಲ್ಲದೆ ಇಳಿದು ಬಂದಿದ್ದೂ ಇವರೇ. ಎರಡೂ ಬರ್ಕೊಳ್ಳಿ."

ಕು ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಂಡ. "ಹೆಂಗಸರ ಜಗಳ ಸಾರ್ ಇದು. ನನಗೆ ಯಾರ್ಡಲ್ಲಿ ಮೀಟಿಂಗ್ ಇದೆ. ಬೇಕಾದ್ರೆ ಆಮೇಲೆ ಫೋನ್ ಮಾಡಿ."

ಅಧಿಕಾರಿ ತಲೆಯೆತ್ತಲಿಲ್ಲ. ಬೆರಳು ಚಲಿಸತೊಡಗಿದ್ದವು.

"ಕೂತ್ಕೊಳ್ರೀ," ಅಂದ. "ನಿಮ್ಮದಿನ್ನೂ ಶುರುವೇ ಆಗಿಲ್ಲ."